ಒಂದ ಶೀಟಿನ್ಯಾಗ ಇಡೀ ಕೋಲ್ಡ್ ಸ್ಟೋರೇಜ್: ಎಷ್ಟು ಟೇಬಲ್ ಒಡೀಬೇಕು, ಎಲ್ಲಿ ನಿಂದ್ರಬೇಕು?

ತಿಕೋಟ ಕಡೆಯ ಓದುಗರೊಬ್ಬರ ಪ್ರಶ್ನೆ:

"ಸರ್, ನಮ್ಮ ಕಾಕಾಂದು ಒಣದ್ರಾಕ್ಷಿ ಇಡೋ ಕೋಲ್ಡ್ ಸ್ಟೋರೇಜ್ ಅದ. ಮೂರು ವರ್ಷದ ಲೆಕ್ಕ ಎಲ್ಲಾ ಒಂದ ಎಕ್ಸೆಲ್ ಶೀಟಿನ್ಯಾಗ ಅದ, 46 ಕಾಲಮ್, 11 ಸಾವಿರದ ಮ್ಯಾಲ ಸಾಲು. ರೈತರ ಹೆಸರು, ಊರು, ತಾಲೂಕು, ಜಿಲ್ಲಾ, ಮೊಬೈಲ್, ತಳಿ1 ಬಾಕ್ಸ್1, ತಳಿ2 ಬಾಕ್ಸ್2, ತಳಿ3 ಬಾಕ್ಸ್3, ಚೇಂಬರ್, ಬಾಡಿಗಿ ದರ, ಜಾವಕ, ಬಾಕಿ, ಎಲ್ಲಾ ಒಂದ ಸಾಲಿನ್ಯಾಗ. ಹೋದ ವರ್ಷ ಒಬ್ಬ ರೈತರ ನಂಬರ್ ಬದಲಾತು, ಎಂಟು ಕಡೆ ತಿದ್ದಿದ್ವಿ, ಮೂರು ಕಡೆ ಹಳೇದ ಉಳೀತು, ಬಾಡಿಗಿ ಮೆಸೇಜ್ ಯಾರಿಗೋ ಹೋತು. ಅದಕ್ಕ ನಾನ ಡೇಟಾಬೇಸ್ ಮಾಡಬೇಕಂತ ಕೂತೀನಿ. ಬೆಂಗಳೂರಾಗಿರೋ ಗೆಳೆಯ ಅಂತಾನ, ನಾರ್ಮಲೈಸೇಶನ್, ಅಂದ್ರ ಟೇಬಲ್ ಒಡಿಯೋ ನಿಯಮ, ಎಲ್ಲಾ ಪರೀಕ್ಷಾಕ್ಕ ಅಷ್ಟ, ಟೇಬಲ್ ಒಡದ್ರ ಹೊಳ್ಳಿ ಜೋಡಿಸ್ಲಿಕ್ಕೆ ಜಾಯಿನ್ ಬೇಕಾಗಿ ಸ್ಲೋ ಆಗ್ತದ, ಒಂದ ಟೇಬಲ್ ಇಡು ಅಂತ. ಬಿಸಿಎ ಓದುವಾಗ ಬಿಸಿಎನ್‌ಎಫ್ ಅನ್ನೋ ಮ್ಯಾಲಿನ ಮೆಟ್ಟಿಲ ತನಕ ಹೋಗಲೇಬೇಕು ಅಂತ ಕಲಿಸ್ಯಾರ. ನಾ ಪೇಪರ್ ಮ್ಯಾಲ ಬರಕೋತ ಹೋದ್ರ 31 ಟೇಬಲ್ ಆದ್ವು, ಈಗ ಹೆದರಿಕಿ ಬಂದದ. ಫೆಬ್ರುವರಿಗೆ ಹೊಸಾ ಮಾಲು ಬರ್ಲಿಕ್ಕೆ ಚಾಲೂ ಆಗ್ತದ. ಎಲ್ಲಿಗೆ ನಿಂದ್ರಿಸಲಿ? ಪೇಪರಿನ ಫೋಟೊ ಕಳಿಸೀನಿ."

ಉತ್ತರ:

ಫೋಟೊ ಕಳಿಸಿದ್ದು ಛಲೋ ಆತು. ಆ 31ರಾಗ ಗಂಡು-ಹೆಣ್ಣು ಅನ್ನೋದಕ್ಕ ಒಂದು ಟೇಬಲ್, ಬಾಕ್ಸಿನ ಬಣ್ಣಕ್ಕ ಒಂದು, ಪಿನ್‌ಕೋಡಿಗೆ ಒಂದು, ಆದ್ರ ರೈತ ಬಂದು ಮಾಲು ಬಿಡಿಸ್ಕೊಂಡು ಹೋಗ್ತಾನಲ್ಲ, ಆ ಜಾವಕಕ್ಕ ಮಾತ್ರ ಟೇಬಲ್ ಇಲ್ಲ, ಅದು ಲಾಟಿನ (ಒಬ್ಬ ರೈತ ಒಮ್ಮೆ ತಂದಿಟ್ಟ ಮಾಲಿನ) ಸಾಲಿನ್ಯಾಗ ಜಾವಕ1 ಜಾವಕ2 ಜಾವಕ3 ಅಂತ ಕಾಲಮ್ ಆಗಿ ಕೂತೈತಿ. ಒಡೀಬಾರದ್ದನ್ನ ಒಡದೀರಿ, ಒಡೀಬೇಕಾದ್ದನ್ನ ಬಿಟ್ಟೀರಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ಹೊಸದಾಗಿ ಕಲ್ತು ಬಂದೋರು ಭಾಳ ಮಂದಿ ಹಿಂಗ ಮಾಡ್ತಾರ, ಯಾಕಂದ್ರ ಕಾಲೇಜಿನ್ಯಾಗ ಎ ಗೊತ್ತಿದ್ರ ಬಿ ಗೊತ್ತಾಗ್ತೈತಿ, ಬಿ ಗೊತ್ತಿದ್ರ ಸಿ ಗೊತ್ತಾಗ್ತೈತಿ ಅಂತ ಬರೇ ಅಕ್ಷರ ಇಟ್ಟು ಕಲಸ್ತಾರ, ಅದರಾಗ ರೈತ ಎಲ್ಲಿ, ಬಾಕ್ಸ್ ಎಲ್ಲಿ.

ನಿಮ್ಮ ಖರೇ ಚಿಂತಿ ಟೇಬಲ್ ಎಷ್ಟು ಅನ್ನೋದಲ್ಲ ಅಂತ ನನಗ ಅನಸ್ತೈತಿ. ಈಗ ತಪ್ಪು ಒಡದು, ಗೇಟಿಗೆ ಟ್ರ್ಯಾಕ್ಟರ್ ಸಾಲುಗಟ್ಟಿ ನಿಂತಾಗ ತಪ್ಪು ಗೊತ್ತಾದ್ರ ಕಾಕಾನ ಮುಂದ ಏನು ಹೇಳ್ಲಿ ಅನ್ನೋದು. ಅದಕ್ಕ ಉತ್ತರ ಐತಿ. ನಾರ್ಮಲ್ ಫಾರ್ಮ್‌ಗಳ (ಫಸ್ಟ್, ಸೆಕೆಂಡ್, ಥರ್ಡ್ ಅಂತ ನಾರ್ಮಲೈಸೇಶನ್ನಿನ ಮೆಟ್ಟಿಲುಗಳ) ಹೆಸರು ಸ್ವಲ್ಪ ಹೊತ್ತು ಮರೀರಿ, ನಿಮ್ಮ ಶೀಟಿನ ಒಂದ ಸಾಲು ತಗೊಂಡು ಕೂಡ್ರೋಣ.

ಲಾಟ್ 212 ಅಂತ ಇಟ್ಕೊಳ್ರಿ. ರೈತ ಪಾಟೀಲರು, ಊರು, ತಾಲೂಕು ಬಬಲೇಶ್ವರ, ಜಿಲ್ಲಾ ವಿಜಯಪುರ, ಮೊಬೈಲ್, ಥಾಮ್ಸನ್ 60 ಬಾಕ್ಸ್, ಸೋನಾಕಾ 25, ಮಾಣಿಕ್ ಚಮನ್ 15, ಚೇಂಬರ್ 2, ದರ ಬಾಕ್ಸಿಗೆ ತಿಂಗಳಿಗೆ 9 ರೂಪಾಯಿ. ಈಗ ಒಂದೊಂದ ಕಾಲಮ್ ಮ್ಯಾಲ ಬೆರಳಿಟ್ಟು ಕೇಳ್ರಿ: ಇದು ಯಾರ ಸುದ್ದಿ? ಮೊಬೈಲ್ ನಂಬರ್ ಲಾಟಿನ ಸುದ್ದಿ ಅಲ್ಲ, ಪಾಟೀಲರ ಸುದ್ದಿ. ಲಾಟ್ 212 ಖಾಲಿ ಆದ್ರೂ ಅವರ ನಂಬರ್ ಅದೇ ಇರ್ತೈತಿ. ತಾಲೂಕು ಅನ್ನೋದು ಪಾಟೀಲರ ಸುದ್ದಿನೂ ಅಲ್ಲ, ಅವರ ಊರಿನ ಸುದ್ದಿ. ಜಿಲ್ಲಾ ಊರಿಂದೂ ಅಲ್ಲ, ತಾಲೂಕಿಂದು. ಥಾಮ್ಸನ್ 60 ಅನ್ನೋದು ಬರೇ ಲಾಟಿನ ಸುದ್ದಿ ಅಲ್ಲ ಬರೇ ತಳಿ ಸುದ್ದಿನೂ ಅಲ್ಲ, ಲಾಟ್ ಮತ್ತ ತಳಿ ಎರಡೂ ಕೂಡಿದ ಮ್ಯಾಲಿನ ಸುದ್ದಿ. ಯಾರ ಸುದ್ದಿನೋ ಅವರ ಟೇಬಲ್‌ದಾಗ ಅದನ್ನ ಒಮ್ಮೆ ಬರೀಬೇಕು, ಬ್ಯಾರೆ ಕಡೆ ಅವರ ಐಡಿ, ಅಂದ್ರ ಗುರುತಿನ ನಂಬರ್, ಅಷ್ಟ ಇಡಬೇಕು. ಪುಸ್ತಕದಾಗ ಫಂಕ್ಷನಲ್ ಡಿಪೆಂಡೆನ್ಸಿ ಅಂತ ಬಾಣ ಹಾಕಿ ತೋರಸ್ತಾರಲ್ಲ, ಅದು ಇದ.

ಜಿಲ್ಲಾದ ಮಾತು ಬಂತಲ್ಲ, ನಮ್ಮ ಕಡೆಯವರಿಗೆ ಇದಕ್ಕಿಂತ ಛಲೋ ಉದಾಹರಣೆ ಸಿಗಂಗಿಲ್ಲ. 1997ರಾಗ ಬಿಜಾಪುರ ಜಿಲ್ಲಾ ಒಡದು ಬಾಗಲಕೋಟೆ ಬ್ಯಾರೆ ಆತು, ಜಮಖಂಡಿ, ಮುಧೋಳ, ಹುನಗುಂದ ಎಲ್ಲಾ ಆ ಕಡೆ ಹೋದ್ವು. 2014ರ ನವೆಂಬರ್ 1ಕ್ಕ ಬಿಜಾಪುರ ಹೋಗಿ ವಿಜಯಪುರ ಆತು. ಆಮ್ಯಾಲ ನಿಮ್ಮ ತಿಕೋಟ, ಬಬಲೇಶ್ವರ ಎರಡೂ ವಿಜಯಪುರ ತಾಲೂಕಿಂದ ಹೊರಗ ಬಂದು ತಾವ ತಾಲೂಕು ಆದ್ವು. ಜಿಲ್ಲಾ ಹೆಸರನ್ನ ಲಾಟಿನ ಪ್ರತಿ ಸಾಲಿನ್ಯಾಗ ಬರ್ದವ ಇಷ್ಟಕ್ಕೂ 11 ಸಾವಿರ ಸಾಲು ತಿದ್ದಬೇಕು, ಅದೂ ಒಬ್ಬ ಕ್ಲರ್ಕ್ ಬಿಜಾಪೂರ ಅಂತ ಇನ್ನೊಬ್ಬ ವಿಜಾಪುರ ಅಂತ ಮತ್ತೊಬ್ಬ ವಿಜಯಪೂರ ಅಂತ ಹೊಡದಿರ್ತಾನ, ಹುಡುಕಿದ್ರ ಅರ್ಧ ಸಿಗಂಗಿಲ್ಲ. ತಾಲೂಕು ಟೇಬಲ್, ಜಿಲ್ಲಾ ಟೇಬಲ್ ಬ್ಯಾರೆ ಇದ್ರ ಹೆಸರು ಬದಲಾದಾಗ ಒಂದ ಸಾಲು ತಿದ್ದೋದು, ತಾಲೂಕು ಬ್ಯಾರೆ ಜಿಲ್ಲಾಕ್ಕ ಹೋದಾಗ ಒಂದ ಐಡಿ ಬದಲಿ. ಥರ್ಡ್ ನಾರ್ಮಲ್ ಫಾರ್ಮ್ ಅಂದ್ರ ಹೆಚ್ಚು ಕಡಿಮಿ ಇಷ್ಟ, ಕೀ (ಸಾಲನ್ನ ಗುರುತಿಸೋ ಕಾಲಮ್) ಅಲ್ಲದ ಒಂದು ಕಾಲಮ್ ಇನ್ನೊಂದು ಕೀ ಅಲ್ಲದ ಕಾಲಮ್ಮಿನ ಬೆನ್ನ ಮ್ಯಾಲ ಕೂತು ಬರಬಾರದು.

ನಿಮ್ಮ ಮೊಬೈಲ್ ನಂಬರಿನ ಗದ್ಲ ಇದೇ ಜಾತಿದು, ಅಪ್‌ಡೇಟ್ ಅನಾಮಲಿ, ಅಂದ್ರ ತಿದ್ದುವಾಗಿನ ಎಡವಟ್ಟು, ಅಂತಾರ. ಅದರ ಜೋಡಿ ಇನ್ನೆರಡು ಇರ್ತಾವು, ನೀವು ಬರ್ದಿಲ್ಲ ಆದ್ರ ನಿಮ್ಮ ಶೀಟಿನ್ಯಾಗ ಅದಾವ ಅಂತ ನಾ ಪಣ ಕಟ್ತೀನಿ. ಜನವರಿಯಾಗ ರೈತರು ಫೋನ್ ಮಾಡಿ ನನಗ 200 ಬಾಕ್ಸಿಗೆ ಜಾಗಾ ಇಡ್ರಿ ಅಂತಾರ, ಇನ್ನೂ ಮಾಲಿಲ್ಲ, ಲಾಟ್ ನಂಬರ್ ಇಲ್ಲ, ಶೀಟಿನ್ಯಾಗ ಆ ರೈತರನ್ನ ಎಲ್ಲಿ ಬರೀತೀರಿ? ಕ್ಲರ್ಕ್ ಸೊನ್ನಿ ಬಾಕ್ಸ್ ಹಾಕಿ ಒಂದು ಸುಳ್ಳು ಸಾಲು ಬರ್ದಿರ್ತಾನ, ಅದು ಮುಂದ ಲಾಟ್ ಎಣಿಕಿ ಕೆಡಸ್ತೈತಿ. ಇದು ಇನ್ಸರ್ಟ್‌ದು. ಇನ್ನ ಮಾಲು ಪೂರಾ ಹೋತು ಅಂತ ಹಳೇ ಸಾಲು ಅಳಿಸಿದ್ರ ಅದರ ಜೋಡಿ ರೈತರ ಹೆಸರು ನಂಬರ್ ಎಲ್ಲಾ ಹೋತು. ಅದು ಡಿಲೀಟ್‌ದು. ಎಡ್ಗರ್ ಕಾಡ್ ಅನ್ನೋರು ಐಬಿಎಂದಾಗ ಇದ್ದಾಗ 1970ರಾಗ ರಿಲೇಷನಲ್ ಮಾಡೆಲ್ ಪೇಪರ್ ಬರದ್ರು, ಮುಂದ ಒಂದೆರಡು ವರ್ಷದಾಗ ಸೆಕೆಂಡ್, ಥರ್ಡ್ ಫಾರ್ಮ್ ಹೇಳಿದ್ರು, ಈ ಮೂರು ತ್ರಾಸು ತಪ್ಪಸಾಕ ಹೊರತು ಪರೀಕ್ಷಾದಾಗ ಹತ್ತು ಮಾರ್ಕಿನ ಪ್ರಶ್ನೆ ಆಗ್ಲಿ ಅಂತ ಅಲ್ಲ.

ಈಗ ನಿಮ್ಮ ಗೆಳೆಯರ ಮಾತು. ಜಾಯಿನ್ ಅಂದ್ರ ಸ್ಲೋ ಅನ್ನೋದು ಅರ್ಧ ಕೇಳಿದ ಮಾತು. ಕೋಟಿಗಟ್ಟಲೆ ಸಾಲಿನ ರಿಪೋರ್ಟಿನ್ಯಾಗ, ಹತ್ತಾರು ಸರ್ವರಿಗೆ ಹಂಚಿಟ್ಟ ಡೇಟಾದಾಗ ಅದು ಖರೇ ತಲಿನೋವು, ಅವರು ಅಂಥಾ ಕಡೆ ಕೆಲಸ ಮಾಡ್ತಿದ್ರ ಅವರ ಅನುಭವ ಸುಳ್ಳಲ್ಲ. ನಿಮ್ಮದು 11 ಸಾವಿರ ಸಾಲು. ಹತ್ತು ವರ್ಷ ನಡಸಿದ್ರೂ ಇಡೀ ಡೇಟಾಬೇಸ್ ಒಂದು ಸಾದಾ ಕಂಪ್ಯೂಟರಿನ ಮೆಮೊರಿಯಾಗ ಆರಾಮ ಕೂಡ್ರತೈತಿ. ಪ್ರೈಮರಿ ಕೀ, ಅಂದ್ರ ಸಾಲಿನ ಮುಖ್ಯ ಗುರುತು, ಅದರ ಮ್ಯಾಲ ಇಂಡೆಕ್ಸ್ ಅನ್ನೋ ಹುಡುಕೋ ಪಟ್ಟಿ ಇರ್ತೈತಿ, ಐಡಿ ಕೊಟ್ರ ಅದು ಮೂರ್ನಾಕು ಹೆಜ್ಜಿನ್ಯಾಗ ಸಾಲು ಹುಡುಕಿ ಕೊಡ್ತೈತಿ, ಹತ್ತು ಟೇಬಲ್ ಜಾಯಿನ್ ಮಾಡಿದ್ರೂ ನೀವು ಎಂಟರ್ ಒತ್ತಿ ಕೈ ತಗಿಯೋದ್ರಾಗ ಉತ್ತರ ಬಂದಿರ್ತೈತಿ.

ಸ್ಲೋ ಆಗೋದು ಬ್ಯಾರೆ ಕಾರಣಕ್ಕ. ಒಂದು, ಫಾರಿನ್ ಕೀ ಕಾಲಮ್ಮಿಗೆ (ಬ್ಯಾರೆ ಟೇಬಲ್ಲಿನ ಐಡಿ ಇಟ್ಟ ಕಾಲಮ್ಮಿಗೆ) ಇಂಡೆಕ್ಸ್ ಇಲ್ಲದಿರೋದು. ಡೇಟಾಬೇಸ್ ಸಾಫ್ಟ್‌ವೇರಿನ್ಯಾಗ ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಅದನ್ನ ತಾನ ಮಾಡ್ಕೋತೈತಿ, ಪೋಸ್ಟ್‌ಗ್ರೆಸ್ ಮಾಡಂಗಿಲ್ಲ, ಅಲ್ಲಿ ನೀವ ಹಾಕಬೇಕು, ಇದು ಗೊತ್ತಿಲ್ಲದ ಪೋಸ್ಟ್‌ಗ್ರೆಸ್ ಸ್ಲೋ ಅಂತ ಬೈಯೋರನ್ನ ನೋಡೀನಿ. ಎರಡು, ಪ್ರೋಗ್ರಾಮಿನ್ಯಾಗ ಲೂಪ್ ಹಾಕಿ ಒಂದೊಂದ ಲಾಟಿಗೆ ಒಂದೊಂದ ಕ್ವೆರಿ (ಡೇಟಾಬೇಸಿಗೆ ಕೇಳೋ ಪ್ರಶ್ನೆ) ಕಳಿಸೋದು, ಐನೂರು ಲಾಟ್ ಇದ್ರ ಐನೂರು ಸಲ ಹೋಗಿ ಬರೋದು, ಸಂತಿಗೆ ಹೋಗಿ ಒಂದೊಂದ ಉಳ್ಳಾಗಡ್ಡಿ ತಂದಂಗ. ಜಾಯಿನ್ ಬಿಟ್ಟವರು ಕಡೀಕ ಈ ಲೂಪಿಗೆ ಬಂದು ಬೀಳ್ತಾರ, ಅದು ಇನ್ನೂ ಸ್ಲೋ.

ಹಂಗಂತ ಕಾಲೇಜಿನ ಮಾತೂ ಪೂರಾ ಹಿಡೀಬ್ಯಾಡ್ರಿ. ನಾರ್ಮಲ್ ಫಾರ್ಮ್ ಅಂದ್ರ ಡಿಗ್ರಿ ಅಲ್ಲ ಮ್ಯಾಲ ಮ್ಯಾಲ ಹೋದಷ್ಟು ಮರ್ಯಾದಿ ಹೆಚ್ಚು ಅನ್ನಾಕ. ತಳಿ1 ತಳಿ2 ತಳಿ3 ತಗದು ಲಾಟ್ ಸಾಲು ಅಂತ ಕೆಳಗಿನ ಟೇಬಲ್ ಮಾಡಿದ್ರಿ ಅಂದ್ರ ಫಸ್ಟ್ ನಾರ್ಮಲ್ ಫಾರ್ಮ್ ಮುಗೀತು, ನಾಕನೇ ತಳಿ ತಂದ ರೈತರಿಗೆ ಹೊಸಾ ಕಾಲಮ್ ಬ್ಯಾಡ. ಆ ಲಾಟ್ ಸಾಲಿನ ಕೀ ಲಾಟ್ ನಂಬರ್ ಮತ್ತ ತಳಿ ಎರಡೂ ಕೂಡಿ ಇರ್ತೈತಲ್ಲ, ಅದರಾಗ ರೈತರ ಹೆಸರು ತುರುಕಿದ್ರ ಅದು ಅರ್ಧ ಕೀಗೆ ಅಷ್ಟ ಸಂಬಂಧ, ಬರೇ ಲಾಟಿಗೆ. ಅದನ್ನ ತಗದು ಲಾಟ್ ಟೇಬಲ್‌ದಾಗ ಇಟ್ರ ಸೆಕೆಂಡ್. ತಾಲೂಕು ಜಿಲ್ಲಾ ತಗದ್ರ ಥರ್ಡ್. ಬಿಸಿಎನ್‌ಎಫ್ ಅನ್ನೋದು 1974ರಾಗ ಬಾಯ್ಸ್ ಮತ್ತ ಕಾಡ್ ಬಿಗಿ ಮಾಡಿದ್ದು, ಒಂದಕ್ಕಿಂತ ಹೆಚ್ಚು ಕೀ ಇದ್ದು ಅವು ಒಂದರ ಮ್ಯಾಲೊಂದು ಹಾಯ್ದಾಗ ಅಷ್ಟ ಅದರ ಕೆಲಸ ಬೀಳ್ತೈತಿ. ನಿಮ್ಮ ಟೇಬಲ್‌ಗಳು ಥರ್ಡ್‌ಗೆ ಬಂದ್ವು ಅಂದ್ರ ಅಂಥಾ ಕೀ ಎಲ್ಲೂ ಇಲ್ಲದ್ದಕ್ಕ ತಾವ ಬಿಸಿಎನ್‌ಎಫ್ ಆಗಿರ್ತಾವು, ಚಿಂತಿ ಬಿಡ್ರಿ. ಫೋರ್ತ್ ಬೇಕಾಗೋದು ಒಂದ ಕಡೆ: ಒಬ್ಬ ರೈತರಿಗೆ ಎರಡು ಫೋನು ಮೂರು ಬ್ಯಾಂಕ್ ಖಾತೆ ಇದ್ದು ಎರಡನ್ನೂ ಒಂದ ಟೇಬಲ್‌ದಾಗ ಹಾಕಿದ್ರ ಆರು ಸಾಲು ಆಗ್ತಾವು, ಯಾವ ಫೋನಿಗೆ ಯಾವ ಖಾತೆ ಅನ್ನೋ ಇಲ್ಲದ ಸಂಬಂಧ ಹುಟ್ಟತೈತಿ. ಫೋನಿಗೆ ಒಂದು, ಖಾತೆಗೆ ಒಂದು ಟೇಬಲ್, ಮುಗೀತು.

ಇನ್ನ ದರ. ಇಲ್ಲೇ ನಾನು ಬಿದ್ದಿದ್ದು, ಅದಕ್ಕ ಸ್ವಲ್ಪ ವಿಸ್ತಾರ ಹೇಳ್ತೀನಿ.

ಕೆಲಸಕ್ಕ ಸೇರಿ ಎರಡ್ಮೂರು ವರ್ಷ ಆಗಿತ್ತು, ಮಹಾಲಿಂಗಪುರ ಕಡೆ ಒಬ್ಬ ಬೆಲ್ಲದ ವ್ಯಾಪಾರಿಗೆ ಬಿಲ್ಲಿಂಗ್ ಮಾಡಿಕೊಟ್ಟಿದ್ದೆ. ನಾರ್ಮಲೈಸೇಶನ್ ಹೊಸದಾಗಿ ತಲಿಗೆ ಏರಿತ್ತು. ದರ ಅನ್ನೋದು ಬೆಲ್ಲದ ನಮೂನಿಯ ಸುದ್ದಿ, ಬಿಲ್ಲಿನ್ಯಾಗ ಯಾಕ ಹೊಳ್ಳಿ ಬರೀಬೇಕು, ಅದು ಡುಪ್ಲಿಕೇಟ್ ಅಂತ ಬಿಲ್ ಸಾಲಿನ್ಯಾಗ ಬರೇ ನಮೂನಿ ಐಡಿ ಮತ್ತ ತೂಕ ಇಟ್ಟೆ, ದರ ಮಾಸ್ಟರಿಂದ (ದರಪಟ್ಟಿ ಟೇಬಲ್ಲಿಂದ) ಜಾಯಿನ್ ಮಾಡಿ ತರೋದು. ಭಾಳ ಚಂದ ಕಾಣತಿತ್ತು. ಮಾರ್ಚ್ ಕೊನಿಗೆ ಲೆಕ್ಕಪರಿಶೋಧಕರು ನವೆಂಬರಿನ ಬಿಲ್ ಕೇಳಿದ್ರು, ಇವರು ಹೊಳ್ಳಿ ಪ್ರಿಂಟ್ ತಗದು ಕೊಟ್ರು. ಒಂದು ಕೈಯಾಗ ನವೆಂಬರಿನ ಕಾರ್ಬನ್ ಕಾಪಿ, ಇನ್ನೊಂದು ಕೈಯಾಗ ಹೊಸಾ ಪ್ರಿಂಟ್, ಬಿಲ್ ನಂಬರ್ ಒಂದ, ತೂಕ ಒಂದ, ರೊಕ್ಕ ಬ್ಯಾರೆ. ಮಾಸ್ಟರ್‌ದಾಗ ದರ ಬದಲಾದಂಗೆಲ್ಲಾ ಹಳೇ ಬಿಲ್ ಎಲ್ಲಾ ತಾವ ಬದಲಾಗಿದ್ವು. ಆ ವ್ಯಾಪಾರಿ ನನಗ ಬೈಲಿಲ್ಲ, ಚಾ ಕುಡಿಸಿ ಎರಡೂ ಕಾಗದ ಮುಂದ ಇಟ್ಟು ಸುಮ್ನ ಕೂತ್ರು, ಬೈದಿದ್ರ ಆರಾಮ ಇತ್ತು. ಕಾರ್ಬನ್ ಕಾಪಿ ನೋಡ್ಕೋತ ಇಡೀ ಸೀಸನ್ನಿನ ದರ ಕೈಲೆ ಹೊಡದೆ, ನಾಕು ರಾತ್ರಿ.

ತಪ್ಪು ಏನಂದ್ರ ಎರಡು ಬ್ಯಾರೆ ಸುದ್ದಿನ ಒಂದು ಅಂತ ತಿಳ್ಕೊಂಡಿದ್ದೆ. ಇವತ್ತಿನ ದರ ಏನು ಅನ್ನೋದು ನಮೂನಿಯ ಸುದ್ದಿ. ಅವತ್ತು ಯಾವ ದರಕ್ಕ ಮಾತಾಗಿತ್ತು ಅನ್ನೋದು ಬಿಲ್ಲಿನ ಸುದ್ದಿ, ಅದು ಆಗಿ ಹೋತು, ಇನ್ನ ಬದಲಾಗಂಗಿಲ್ಲ. ಅಂಕಿ ಒಂದ ಇದ್ರೂ ಎರಡೂ ಕಡೆ ಇಡೋದು ಡುಪ್ಲಿಕೇಟ್ ಅಲ್ಲ. ನಿಮಗೂ ಹಂಗ, 9 ರೂಪಾಯಿ ಬಾಡಿಗಿ ಮುಂದಿನ ವರ್ಷ 10 ಆದ್ರ ಹೋದ ವರ್ಷದ ಪಾವತಿ ಬದಲಾಗಬಾರದು. ಆದ್ರ ಬಬಲೇಶ್ವರ ಹೊಸಾ ತಾಲೂಕು ಆದಾಗ ಹಳೇ ಲಾಟಿನ ರೈತರಿಗೂ ಹೊಸಾ ತಾಲೂಕ ಕಾಣಬೇಕು, ಯಾಕಂದ್ರ ಪತ್ರ ಹಾಕೋದು ಇವತ್ತು. ಯಾವುದಕ್ಕ ಅವತ್ತಿಂದು ಬೇಕು ಯಾವುದಕ್ಕ ಇವತ್ತಿಂದು ಬೇಕು ಅಂತ ಡೇಟಾಬೇಸಿಗೆ ಗೊತ್ತಾಗಂಗಿಲ್ರಿ, ಯಾವ ಫಾರ್ಮೂ ಹೇಳಂಗಿಲ್ಲ, ಅದನ್ನ ಕಾಕಾನ ಕೂಡ ಕೂತು ಒಂದೊಂದ ಕಾಲಮ್ ಕೇಳಬೇಕು. ದರಕ್ಕ ಬ್ಯಾರೆ ಟೇಬಲ್ ಇಡ್ರಿ, ಯಾವ ದಿನದಿಂದ ಜಾರಿ ಅನ್ನೋ ತಾರೀಖ ಸಮೇತ, ಮತ್ತ ಬಿಲ್ ಮಾಡುವಾಗ ಆ ಅಂಕಿನ ಬಿಲ್ ಸಾಲಿನ್ಯಾಗ ಬರದು ಬಿಡ್ರಿ.

ಕೀ ವಿಷಯ. ನಿಮ್ಮ ಪೇಪರಿನ್ಯಾಗ ರೈತರ ಪ್ರೈಮರಿ ಕೀ ಮೊಬೈಲ್ ನಂಬರ್ ಇಟ್ಟೀರಿ. ಬ್ಯಾಡ್ರಿ! ನಂಬರ್ ಬದಲಾದ್ದಕ್ಕ ಅಲ್ಲೇನ ನೀವು ಈ ಕೆಲಸಕ್ಕ ಕೂತದ್ದು? ಮತ್ತ ನಮ್ಮ ಹಳ್ಳಿಯಾಗ ಅಪ್ಪಂದು, ಕಾಕಾಂದು, ಮಗಂದು ಮೂರೂ ಲಾಟಿಗೆ ಮನಿಯ ಒಂದ ನಂಬರ್ ಕೊಡ್ತಾರ. ಹೆಸರು ಅಂತೂ ಬ್ಯಾಡೇ ಬ್ಯಾಡ, ಒಂದ ಊರಾಗ ಒಂದ ಹೆಸರಿನ ಬಸವರಾಜ ಪಾಟೀಲರು ಎಷ್ಟು ಮಂದಿ ಅಂತ ನೀವ ಹೇಳ್ರಿ. ಊರಿಗೂ ಹಂಗ, ಬಾಗೇವಾಡಿ ಅಂತಾರ, ಅದು ನಿಮ್ಮ ಜಿಲ್ಲಾದ ಬಸವನ ಬಾಗೇವಾಡಿನೋ ನಮ್ಮ ಕಡೆ ಹಿರೇಬಾಗೇವಾಡಿನೋ. ಆಧಾರ್ ಕೀ ಮಾಡ್ರಿ ಅಂತ ಯಾರರೆ ಹೇಳ್ತಾರ, ಅದು ನಿಮ್ಮ ಕೆಲಸಕ್ಕ ಬೇಕಾಗೇ ಇಲ್ಲ, ಇಟ್ಕೊಂಡ್ರ ಕಾಯೋ ಜವಾಬ್ದಾರಿ ನಿಮ್ಮ ಮ್ಯಾಲ. ಸುಮ್ನ 1, 2, 3 ಅಂತ ಒಂದು ಓಡೋ ನಂಬರ್ ಕೊಡ್ರಿ, ಅದಕ್ಕ ಅರ್ಥ ಇಲ್ಲದಿರೋದ ಅದರ ಗುಣ. ಆದ್ರ ಲಾಟ್ ನಂಬರಿಗೆ ವರ್ಷ ಮತ್ತ ನಂಬರ್ ಕೂಡಿ ಯುನೀಕ್, ಅಂದ್ರ ಎರಡು ಸಲ ಬರಬಾರದು ಅನ್ನೋ ನಿಯಮ, ಹಾಕೋದು ಮರೀಬ್ಯಾಡ್ರಿ, ಓಡೋ ನಂಬರ್ ಒಂದ ಇದ್ರ ಲಾಟ್ 212 ಎರಡು ಸಲ ಎಂಟ್ರಿ ಆದ್ರೂ ಯಾರೂ ಹಿಡಿಯಂಗಿಲ್ಲ.

ಬಾಕಿ ಬಾಕ್ಸ್ ಅನ್ನೋ ಕಾಲಮ್ ಇಡಬೇಕೋ ಬ್ಯಾಡೋ, ಇದಕ್ಕ ಎರಡೂ ದಾರಿ ಅದಾವ. ಇಡದಿದ್ರ ಆವಕದಾಗ ಜಾವಕ ಕಳದು ಪ್ರತಿ ಸಲ ಲೆಕ್ಕ ಮಾಡಬೇಕು, ಇಟ್ರ ಒಂದ ಸಲಕ್ಕ ಸಿಗ್ತೈತಿ. ಆದ್ರ ಇಟ್ಟದ್ದು ಒಂದಿನ ಸುಳ್ಳು ಹೇಳಾಕ ಚಾಲೂ ಮಾಡ್ತೈತಿ, ಯಾರೋ ಜಾವಕದ ಸಾಲು ಬರದ್ರು, ಬಾಕಿ ತಿದ್ದೋದು ಬಿಟ್ರು, ಆಮ್ಯಾಲ ಚೇಂಬರಿನ್ಯಾಗ 40 ಬಾಕ್ಸ್, ಪರದೆ ಮ್ಯಾಲ 45, ರೈತರ ಮುಂದ ನಿಮ್ಮ ಮಾನ ಹೋತು. ನಿಮ್ಮಷ್ಟು ಡೇಟಾಕ್ಕ ನಾ ಆಗಿದ್ರ ಇಡಂಗಿಲ್ಲ, ಒಂದು ವ್ಯೂ, ಅಂದ್ರ ಕೇಳಿದಾಗೆಲ್ಲಾ ಲೆಕ್ಕ ಮಾಡಿ ತೋರಸೋ ಟೇಬಲ್, ಮಾಡಿ ಬಿಡ್ತೀನಿ. ಹೆಚ್ಚು ಬಾಕ್ಸ್ ಹೊರಗ ಹೋಗದಂಗ ನೋಡಾಕ ಜಾವಕ ಬರಿಯೋ ಮೊದಲ ಆ ಲಾಟ್ ಸಾಲನ್ನ (ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್ ಇದ್ರ) ಸೆಲೆಕ್ಟ್ ಫಾರ್ ಅಪ್‌ಡೇಟ್‌ಲೆ ಲಾಕ್ ಮಾಡಿ, ಉಳದದ್ದು ನೋಡಿ, ಅದೇ ಟ್ರಾನ್ಸಾಕ್ಷನ್ನಿನ್ಯಾಗ (ಆದ್ರ ಪೂರಾ ಆಗೋ, ಇಲ್ಲಂದ್ರ ಏನೂ ಆಗದ ಒಂದ ಕಟ್ಟಿನ ಕೆಲಸದಾಗ) ಬರೀರಿ. ಇಲ್ಲಂದ್ರ ಎರಡು ಕೌಂಟರಿನ್ಯಾಗ ಇಬ್ರು ಒಂದ ಲಾಟಿಗೆ ಒಮ್ಮೆಲೆ ಗೇಟ್ ಪಾಸ್ ಹೊಡೀತಾರ.

ಅಂದ್ರ ನಿಮ್ಮ ಮುಂದ ಇರೋ ದಾರಿ ಹಿಂಗದಾವ. ಶೀಟ್ ಹಂಗ ಒಂದ ಟೇಬಲ್ ಮಾಡೋದು, ಎರಡು ದಿನದ ಕೆಲಸ, ಇವತ್ತಿನ ಎಲ್ಲಾ ರೋಗ ಹಂಗ ಉಳೀತಾವು, ಕಾಕಾ ಕೇಳ್ತಾರ ಮತ್ತ ಎಕ್ಸೆಲ್ಲ ಸಾಕಿತ್ತಲ್ಲೋ ಅಂತ. 31 ಟೇಬಲ್ ಮಾಡೋದು, ಡೇಟಾ ಕೆಡಂಗಿಲ್ಲ, ಆದ್ರ ಒಂದೊಂದ ಪರದೆಗೂ ಏಳೆಂಟು ಜಾಯಿನ್ ಬರ್ಕೋತ ಫೆಬ್ರುವರಿ ದಾಟತೈತಿ. ಬಾಕ್ಸಿನ ಬಣ್ಣ, ಗಂಡು-ಹೆಣ್ಣು ಇಂಥಾವಕ್ಕ ತಮ್ಮದ ಅಂತ ಬ್ಯಾರೆ ಸುದ್ದಿ ಏನೂ ಇಲ್ಲ, ಕಾಲಮ್ಮಿನ್ಯಾಗ ಇಂಥಾವ ಅಷ್ಟ ಬರಬೇಕು ಅಂತ ಒಂದು ಚೆಕ್ ಹಾಕಿದ್ರ ಸಾಕು. ನಡುವಿನ ದಾರಿ ನನ್ನ ಲೆಕ್ಕದಾಗ ಹದಿನೈದಕ್ಕ ನಿಲ್ತೈತಿ: ರೈತ, ಫೋನ್, ಊರು, ತಾಲೂಕು, ಜಿಲ್ಲಾ, ತಳಿ, ಚೇಂಬರ್, ಲಾಟ್, ಲಾಟ್ ಸಾಲು, ಜಾವಕ, ಜಾವಕ ಸಾಲು, ದರ, ಬಿಲ್, ಬಿಲ್ ಸಾಲು, ಜಮಾ. ಬ್ಯಾಂಕ್ ಖಾತೆ ಬೇಕಾದ್ರ ಹದಿನಾರು. ಚೇಂಬರ್ ಐಡಿನ ಲಾಟಿನ್ಯಾಗ ಇಡಬ್ಯಾಡ್ರಿ, ಲಾಟ್ ಸಾಲಿನ್ಯಾಗ ಇಡ್ರಿ, ಥಾಮ್ಸನ್ ಒಂದು ಕಡೆ ಸೋನಾಕಾ ಒಂದು ಕಡೆ ಹೋಗ್ತೈತಿ. ಒಂದ ತಳಿ ಎರಡು ಚೇಂಬರಿಗೆ ಹಂಚ್ತೀರಿ ಅಂದ್ರ ಕೀದಾಗ ಚೇಂಬರೂ ಸೇರಬೇಕು, ಅದನ್ನ ಗೋದಾಮಿನ್ಯಾಗ ಬಾಕ್ಸ್ ಹೊರೋರನ್ನ ಕೇಳ್ರಿ, ಕಾಕಾನ್ನಲ್ಲ.

ಹಳೇ ಶೀಟ್ ಒಳಗ ತರೋದು ನೀವು ತಿಳ್ಕೊಂಡದ್ದಕ್ಕಿಂತ ದೊಡ್ಡ ಕೆಲಸ. ಮೊದಲ ಎಲ್ಲಾ ಕಾಲಮ್ ಟೆಕ್ಸ್ಟ್ ಆಗಿ ಒಂದು ಕಚ್ಚಾ ಟೇಬಲ್‌ದಾಗ ಸುರೀರಿ, ಅಲ್ಲಿಂದ ಊರಿನ ಹೆಸರು ಬ್ಯಾರೆ ಬ್ಯಾರೆ ಎಷ್ಟದಾವ ಅಂತ ಪಟ್ಟಿ ತಗೀರಿ. ಕನ್ನಡದಾಗ ಹೊಡದಿದ್ರ ಇನ್ನೊಂದು ಕಿರಿಕಿರಿ, ಅರ್ಧ ಅಕ್ಷರದ ಮುಂದ ಕಣ್ಣಿಗೆ ಕಾಣದ ಜೋಡಣೆ ತಡಿಯೋ ಚಿಹ್ನೆ ಒಂದರಾಗ ಇರ್ತೈತಿ ಒಂದರಾಗ ಇರಂಗಿಲ್ಲ, ನೋಡಾಕ ಒಂದ, ಡೇಟಾಬೇಸಿಗೆ ಎರಡು ಊರು. ಬ್ಯಾಂಕ್ ಖಾತೆ ನಂಬರ್ ಎಕ್ಸೆಲ್‌ದಾಗ ಅಂಕಿ ಆಗಿ ಕೂತಿದ್ರ ನಂಬಬ್ಯಾಡ್ರಿ, ಎಕ್ಸೆಲ್ 15 ಅಂಕಿ ತನಕ ಅಷ್ಟ ಹಿಡೀತೈತಿ, ಅದಕ್ಕಿಂತ ಉದ್ದ ಇದ್ರ ಬಾಲದ ಅಂಕಿ ಸೊನ್ನಿ ಆಗಿರ್ತಾವು, ಮುಂದಿನ ಸೊನ್ನಿ ಅಂತೂ ಹಾರಿರ್ತಾವು. ಪಾಸ್‌ಬುಕ್ ನೋಡಿ ಹೊಳ್ಳಿ ಹೊಡೀರಿ. ಹೊಸಾ ಟೇಬಲ್‌ದಾಗ ಫೋನು ಖಾತೆ ಟೆಕ್ಸ್ಟ್, ರೊಕ್ಕ ಡೆಸಿಮಲ್, ಅಂದಾಜು ಅಂಕಿ ಇಡೋ ಫ್ಲೋಟ್ ಬ್ಯಾಡ. ಎಸ್‌ಕ್ಯೂಲೈಟ್ ಬಳಸ್ತಿದ್ರ ಫಾರಿನ್ ಕೀ ತಪಾಸಣೆ ಸಾಮಾನ್ಯವಾಗಿ ಬಂದ್ ಇರ್ತೈತಿ, ಪ್ರತಿ ಕನೆಕ್ಷನ್ ತಗದಾಗ ಪ್ರಾಗ್ಮಾ ಫಾರಿನ್ ಕೀಸ್ ಅನ್ನೋ ಆಜ್ಞೆ ಕೊಟ್ಟು ಆನ್ ಮಾಡ್ಬೇಕು, ಇಲ್ಲಂದ್ರ ಇಲ್ಲದ ರೈತರಿಗೂ ಲಾಟ್ ಹಚ್ಚತೈತಿ.

ಕೋಡ್ ಬರಿಯೋಕಿಂತ ಮೊದಲ ಒಂದ ಕೆಲಸ ಮಾಡ್ರಿ. ಹೋದ ವರ್ಷದ ಕಟ್ಟಿನಿಂದ ಮೂರು ಖರೇ ಪಾವತಿ ತಗೀರಿ: ಮೂರು ತಳಿ ಇದ್ದು ನಾಕು ಸಲ ಜಾವಕ ಆದ ಲಾಟ್ ಒಂದು, ನಡುವ ದರ ಬದಲಾದದ್ದು ಒಂದು, ರೈತರು ಮಾಲು ಒಳಗಿದ್ದಂಗ ವ್ಯಾಪಾರಿಗೆ ಮಾರಿ ಹೆಸರು ಬದಲಿ ಮಾಡಿಸಿದ್ದು ಒಂದು. ಆ ಹದಿನೈದು ಟೇಬಲ್ಲನ್ನ ಕಾಗದದ ಮ್ಯಾಲ ಗೆರಿ ಹೊಡದು ಪೆನ್ಸಿಲ್‌ಲೆ ಆ ಮೂರೂ ಪಾವತಿ ತುಂಬ್ರಿ. ಮೂರನೇದು ಕೂಡಂಗಿಲ್ಲ ನೋಡ್ರಿ, ಲಾಟಿನ ಮಾಲಕ ಯಾವ ದಿನದಿಂದ ಯಾರು ಅನ್ನೋದಕ್ಕ ನನ್ನ ಪಟ್ಟಿಯಾಗ ಜಾಗಾ ಇಲ್ಲ, ಬೇಕಂತ ಬಿಟ್ಟೀನಿ, ಯಾಕಂದ್ರ ನಿಮ್ಮಲ್ಲಿ ಅದು ಹ್ಯಾಂಗ ನಡೀತೈತಿ, ಬಾಡಿಗಿ ಯಾರು ಕೊಡ್ತಾರ ಅನ್ನೋದು ಕಾಕಾಗ ಗೊತ್ತು. ಅದನ್ನ ಕೇಳ್ಕೊಂಡು, ಎಲ್ಲಿ ಕೂಡಸಿದ್ರಿ ಅಂತ ಫೋಟೊ ತಗದು ಕಳಿಸ್ರಿ, ನೋಡೋಣ.